ಹೆಗಲಿಗೆ ಹೊಂದುವ ಬಂದೂಕು

2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ತ್ರೀ ಪೊಸಿಷನ್ ಫೈನಲ್‌ನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 451.4 ಅಂಕ ಗಳಿಸಿ ಕಂಚಿನ ಪದಕ ಗೆದ್ದರು. ಮೊದಲು ಮಂಡಿಯೂರಿ, ಆಮೇಲೆ ಬೋರಲು ಮಲಗಿ, ಕೊನೆಗೆ ಎದ್ದು ನಿಂತು ಗುಂಡು ಹಾರಿಸುವ ಸ್ಪರ್ಧೆ ಅದು. ಆ ಪಂದ್ಯವನ್ನು ಟಿ.ವಿ.ಯಲ್ಲಿ ಕಣ್ಣಿಟ್ಟು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ಬಿಡುವಿನಲ್ಲಿ ಸ್ಪರ್ಧಿಗಳು ಬಗ್ಗಿ ರೈಫಲ್‌ನ ಹಿಂಬದಿಯ ತಿರುಪುಗಳನ್ನು ಸಡಿಲಿಸುತ್ತಾರೆ, ಕೆನ್ನೆ ಇಡುವ ಪಟ್ಟಿಯನ್ನು ಏರಿಸುತ್ತಾರೆ ಇಲ್ಲವೇ ಇಳಿಸುತ್ತಾರೆ, ಹೆಗಲಿಗೆ ಒತ್ತುವ ಕೊಕ್ಕೆಯನ್ನು ಸರಿಸುತ್ತಾರೆ. ನಳಿಗೆ ಅದೇ, ಕುದುರೆ (ಟ್ರಿಗರ್) ಅದೇ, ಗುಂಡು ಅದೇ. ಬದಲಾಗುವುದು ಸ್ಟಾಕ್ ಒಂದೇ.

ಕೊಲ್ಹಾಪುರ ಹುಬ್ಬಳ್ಳಿಗೆ ದೂರದ ಊರಲ್ಲ. ಹೆದ್ದಾರಿ ಹಿಡಿದರೆ 200 ಕಿಲೋಮೀಟರ್ ಆಸುಪಾಸು. ಪದಕ ಗೆದ್ದಾಗ ಕುಸಾಳೆ ಮಧ್ಯ ರೈಲ್ವೆಯ ಟಿಕೆಟ್ ತಪಾಸಕರಾಗಿದ್ದರು. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಗೆ ಇದು ಮನೆಯ ಹುಡುಗ ಗೆದ್ದಷ್ಟೇ ಖುಷಿಯ ವಿಷಯ. ಮಗಳಿಗೋ ಮಗನಿಗೋ ಏರ್ ರೈಫಲ್ ಕಲಿಸೋಣವೇ ಎಂದು ಕೇಳುವ ತಂದೆ-ತಾಯಿ ಹುಬ್ಬಳ್ಳಿಯ ದೇಶಪಾಂಡೆ ನಗರದಂಥ ಬಡಾವಣೆಗಳಲ್ಲಿ ಈಗ ಅಪರೂಪವಲ್ಲ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಯಾವ ಕಂಪನಿಯದು, ಎಷ್ಟು ಬೆಲೆ ಎಂಬುದು. ಸ್ಟಾಕ್ ಎಂಥದು, ಮಗುವಿನ ಹೆಗಲಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆ ಬರುವುದೇ ಇಲ್ಲ. ಮೊದಲು ಕೇಳಬೇಕಾದ್ದು ಅದು.

ಸ್ಟಾಕ್ ಎಂದರೆ ಬಂದೂಕಿನ ನಳಿಗೆ ಮತ್ತು ಯಂತ್ರವನ್ನು ಹೊತ್ತು ನಿಲ್ಲುವ ಮೈ. ಹೆಗಲಿಗೆ ಒತ್ತುವ ಹಿಂಭಾಗ ಬಟ್. ಅದರ ಮೇಲಂಚಿನಲ್ಲಿ ಕೆನ್ನೆ ಕೂರುತ್ತದೆ. ನಡುವಿನ ಸಣ್ಣ ಕುತ್ತಿಗೆಯನ್ನು ಬಲಗೈ ಹಿಡಿಯುತ್ತದೆ, ಮುಂಭಾಗವನ್ನು ಎಡಗೈ ಹೊರುತ್ತದೆ. ಮನುಷ್ಯನ ದೇಹ ರೈಫಲನ್ನು ಮುಟ್ಟುವುದು ಈ ನಾಲ್ಕು ಕಡೆ ಮತ್ತು ಕುದುರೆ ಎಳೆಯುವ ಬೆರಳಲ್ಲಿ ಮಾತ್ರ. ಇವುಗಳಲ್ಲಿ ಒಂದು ತಪ್ಪಿದರೂ ಕಣ್ಣು ಗುರಿಗೆರೆಯ ಮೇಲೆ ತಾನಾಗಿ ಕೂರುವುದಿಲ್ಲ. ಕತ್ತು ಬಿಗಿಯುತ್ತದೆ, ಉಸಿರು ಕದಡುತ್ತದೆ, ಗುಂಡು ಬೇರೆ ಕಡೆ ಹೋಗುತ್ತದೆ. ಎಷ್ಟು ಒಳ್ಳೆಯ ನಳಿಗೆಯಾದರೂ ಅದನ್ನು ಸರಿಪಡಿಸಲಾರದು.

ನೋಡಬೇಕಾದ ಅಳತೆಗಳು ಮುಖ್ಯವಾಗಿ ಎರಡು. ಕುದುರೆಯಿಂದ ಬಟ್‌ನ ಹಿಂದಿನ ತುದಿಯವರೆಗಿನ ಉದ್ದ ಒಂದು. ವಯಸ್ಕರ ರೈಫಲ್‌ಗಳಲ್ಲಿ ಇದು ಬಹುತೇಕ ಹದಿಮೂರೂವರೆ ಇಂಚಿನ ಸುತ್ತಮುತ್ತ ಇರುತ್ತದೆ. ಕೆನ್ನೆಯ ಎತ್ತರ ಇನ್ನೊಂದು. ನಳಿಗೆಯ ಮೇಲೆಯೇ ಇರುವ ಕಬ್ಬಿಣದ ಗುರಿಮಣಿಯಲ್ಲಿ ನೋಡುವುದಾದರೆ ಕೆನ್ನೆ ಕೆಳಗೆ ಇಳಿಯಬೇಕು. ದುರ್ಬೀನು ಕೂರಿಸಿದರೆ ಕಣ್ಣು ಮೇಲಕ್ಕೆ ಹೋಗಬೇಕು, ಆಗ ಕೆನ್ನೆಗೂ ಎತ್ತರದ ಆಸರೆ ಬೇಕು. ಹಳೆಯ ಬಂದೂಕಿಗೆ ದುರ್ಬೀನು ಹಾಕಿಸಿ, ಗದ್ದವನ್ನು ಗಾಳಿಯಲ್ಲಿ ತೇಲಿಸಿಕೊಂಡು ಗುರಿ ಹಿಡಿಯುವವರ ತೊಂದರೆಯ ಮೂಲ ಇಲ್ಲಿದೆ.

ಕಿತ್ತೂರಿನಿಂದ ಹಲಗಲಿಯವರೆಗೆ

ಧಾರವಾಡದ ನೆಲಕ್ಕೂ ಬಂದೂಕಿಗೂ ಹಳೆಯ ನಂಟು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಬಿದ್ದ. ಗುಂಡು ಹೊಡೆದವನು ರಾಣಿ ಚೆನ್ನಮ್ಮನ ಬಂಟ ಅಮಟೂರು ಬಾಳಪ್ಪ ಎಂದು ಈ ಸೀಮೆಯ ಪ್ರತಿ ಮಗುವೂ ಬಲ್ಲದು. ಆ ಕಾಲಕ್ಕೆ ನಮ್ಮ ನಾಡಿನಲ್ಲಿ ಎರಡು ಬಗೆಯ ಬಂದೂಕು ಓಡಾಡುತ್ತಿದ್ದವು. ಸುಡುವ ಬತ್ತಿಯಿಂದ ಮದ್ದಿಗೆ ಕಿಡಿ ಮುಟ್ಟಿಸುವ ದೇಸಿ ಬಂದೂಕು ಒಂದು. ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ ಕಂಪನಿ ಸರ್ಕಾರದ ಮಸ್ಕೆಟ್ ಇನ್ನೊಂದು. ಇವೆರಡನ್ನು ಅಕ್ಕಪಕ್ಕ ಇಟ್ಟರೆ ಕಣ್ಣಿಗೆ ಹೊಡೆಯುವ ವ್ಯತ್ಯಾಸ ಸ್ಟಾಕ್‌ನಲ್ಲಿಯೇ ಇದೆ.

ಉತ್ತರ ಹಿಂದುಸ್ತಾನದಿಂದ ದಖ್ಖನ್‌ವರೆಗೆ ಹರಡಿದ್ದ ದೇಸಿ ಬತ್ತಿ ಬಂದೂಕಿನ ಹಿಂಭಾಗ ತೆಳುವಾಗಿ, ಹೆಚ್ಚುಕಡಿಮೆ ನೇರವಾಗಿ ಇರುತ್ತಿತ್ತು. ಹೆಗಲಿಗೆ ಗಟ್ಟಿಯಾಗಿ ಒತ್ತಿ ನಿಲ್ಲಲು ಅದರಲ್ಲಿ ಅಗಲ ಸಾಲದು. ಉದ್ದನೆಯ ಭಾರದ ನಳಿಗೆಯೇ ಅದಕ್ಕೆ ಸ್ಥಿರತೆ ಕೊಡುತ್ತಿತ್ತು. ಕೋಟೆಯ ಗೋಡೆಗೋ ಮರದ ಕವಲಿಗೋ ಆನಿಸಿ, ನಿಧಾನವಾಗಿ ನೋಡಿ ಹೊಡೆಯುವವನಿಗೆ ಅದು ಒಳ್ಳೆಯ ಸಾಧನ. ಕಂಪನಿಯ ಮಸ್ಕೆಟ್‌ನ ಅಕ್ರೋಟು ಮರದ ಬಟ್ ದಪ್ಪಗಿತ್ತು, ಅಗಲವಾಗಿತ್ತು, ಕೆಳಕ್ಕೆ ಬಾಗಿತ್ತು, ಹಿಂದೆ ಹಿತ್ತಾಳೆಯ ತಗಡು ಹೊದ್ದಿತ್ತು. ಸಾಲಾಗಿ ನಿಂತು, ಹೆಗಲಿಗೆ ಒತ್ತಿ, ಒಟ್ಟಿಗೆ ಹಾರಿಸಿ, ಮತ್ತೆ ತುಂಬಿ ಮತ್ತೆ ಹಾರಿಸುವ ಸಿಪಾಯಿಗೆ ಅದು ತಕ್ಕುದು. ಮದ್ದು ಮುಗಿದರೆ ಬಡಿಗೆಯಂತೆ ಬೀಸಲೂ ಬರುತ್ತಿತ್ತು. ದೇಸಿ ಕುಶಲಕರ್ಮಿಗೆ ಮರ ಕೆತ್ತಲು ಬಾರದೆ ಬಟ್ ತೆಳುವಾಯಿತು ಎಂದು ಭಾವಿಸುವುದು ತಪ್ಪು. ಅವನ ಗಿರಾಕಿ ಕಾದಾಡುವ ರೀತಿಯೇ ಬೇರೆಯಾಗಿತ್ತು.

ಮೂವತ್ತಮೂರು ವರ್ಷಗಳ ನಂತರ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಎದ್ದು ನಿಂತಿದ್ದು ಆಯುಧದ ಕಾರಣಕ್ಕೇ. 1857ರ ನಿಃಶಸ್ತ್ರೀಕರಣ ಕಾಯ್ದೆಯನ್ವಯ ಆಯುಧಗಳನ್ನು ದಾಖಲಿಸಿ, ಒಪ್ಪಿಸಿ ಎಂದು ಸರ್ಕಾರ ಹೇಳಿದಾಗ ಬೇಡರು ಒಲ್ಲೆವೆಂದರು. ಬೇಟೆ ಅವರ ಬದುಕು, ಸಿಪಾಯಿಗಿರಿ ಅವರ ಮಾನ. ನವೆಂಬರ್ ಕೊನೆಯಲ್ಲಿ ಕಂಪನಿಯ ಪಡೆ ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಬಿತ್ತು, ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು. ಆ ದಂಗೆಯ ಲಾವಣಿಯನ್ನು ಮುಂದೆ ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬ ಬರೆದುಕೊಂಡು ಪ್ರಕಟಿಸಿದ್ದರಿಂದ ದಂಗೆಯ ಮುಂದಾಳುಗಳಾದ ಜಡಗ, ಬಾಲರ ಹೆಸರು ಇವತ್ತಿಗೂ ಉಳಿದಿದೆ. ಅಪ್ಪ ಹಿಡಿದ ಹಿಡಿಯನ್ನೇ ಮಗ ಹಿಡಿಯುವ, ಬೆವರು ಕುಡಿದು ಕಪ್ಪಾದ ಆ ಮರದ ತುಂಡನ್ನು ಬಿಟ್ಟುಕೊಡು ಎಂದರೆ ಅದು ಬರೀ ಒಂದು ಸಾಮಾನನ್ನು ಕೇಳಿದಂತಾಗಿರಲಿಲ್ಲ.

ತ್ರೀ ನಾಟ್ ತ್ರೀಯ ಹಿತ್ತಾಳೆ ಬಾಗಿಲು

ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ಇದ್ದ ತ್ರೀ ನಾಟ್ ತ್ರೀ, ಅಂದರೆ ಲೀ ಎನ್‌ಫೀಲ್ಡ್ ರೈಫಲ್, ಸ್ಟಾಕ್ ಬಗ್ಗೆ ತಿಳಿಯಬೇಕಾದವರಿಗೆ ಒಳ್ಳೆಯ ಪಾಠಪುಸ್ತಕ. ಬಂಗಾಳದ ಇಶಾಪುರ ಕಾರ್ಖಾನೆ ಇದನ್ನು ಲಕ್ಷಗಟ್ಟಲೆ ತಯಾರಿಸಿತು. ಅದರ ಬಟ್‌ನ ಹಿಂದೆ ಹಿತ್ತಾಳೆಯ ತಗಡಿದೆ. ತಗಡಿನ ನಡುವೆ ಒಂದು ಪುಟ್ಟ ಬಾಗಿಲು. ಉಗುರಿನಿಂದ ಮೀಟಿದರೆ ತೆರೆದುಕೊಳ್ಳುತ್ತದೆ. ಒಳಗೆ ಕೊರೆದ ತೂತಿನಲ್ಲಿ ಎಣ್ಣೆಯ ಸಣ್ಣ ಬಾಟಲಿ, ನಳಿಗೆಯೊಳಗೆ ಚಿಂದಿ ಎಳೆಯಲು ಹುರಿ. ಅವನ್ನು ಹೊರತೆಗೆದು ಇನ್ನೂ ಒಳಕ್ಕೆ ನೋಡಿದರೆ ಒಂದು ಉದ್ದನೆಯ ಬೋಲ್ಟ್‌ನ ತಲೆ. ಇಡೀ ಬಟ್ಟನ್ನು ರೈಫಲ್‌ನ ಉಕ್ಕಿನ ಮೈಗೆ ಬಿಗಿದು ಹಿಡಿದಿರುವುದು ಅದೊಂದೇ ಬೋಲ್ಟ್. ಬಟ್‌ನ ಬಲಮಗ್ಗುಲಲ್ಲಿ ಹಲವು ರೈಫಲ್‌ಗಳಿಗೆ ಹಿತ್ತಾಳೆಯ ಬಿಲ್ಲೆ ಇರುತ್ತಿತ್ತು. ಯಾವ ಪಡೆಗೆ ಸೇರಿದ್ದು ಎಂಬ ಗುರುತು ಅದರ ಮೇಲೆ. ಕವಾಯತಿನಲ್ಲಿ ‘ಬಾಜು ಶಸ್ತ್ರ್’ ಎಂಬ ಕೂಗಿಗೆ ಸಾಲಿನ ಬಟ್‌ಗಳೆಲ್ಲ ಒಟ್ಟಿಗೆ ನೆಲ ಮುಟ್ಟುವಾಗ ಪೆಟ್ಟು ತಿನ್ನುವುದು ಈ ಹಿತ್ತಾಳೆ. ಮರ ಉಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ರೈಫಲ್‌ನ ಬಟ್ ನಾಲ್ಕು ಉದ್ದಗಳಲ್ಲಿ ಬರುತ್ತಿತ್ತು: ಲಾಂಗ್, ನಾರ್ಮಲ್, ಶಾರ್ಟ್, ಬ್ಯಾಂಟಮ್. ಒಂದಕ್ಕೂ ಮತ್ತೊಂದಕ್ಕೂ ಅರ್ಧ ಇಂಚಿನ ಅಂತರ. ಎತ್ತರದ ಜವಾನನಿಗೆ ಉದ್ದದ್ದು, ಕುಳ್ಳನಿಗೆ ಗಿಡ್ಡದ್ದು. ಮರದ ಮೇಲೆ ಒತ್ತಿದ ಒಂದಕ್ಷರ ನೋಡಿ ಬಟ್‌ನ ಅಳತೆ ಹೇಳಬಹುದಿತ್ತು. ಎರಡು ತುಂಡಿನ ಸ್ಟಾಕ್ ಆದ್ದರಿಂದ, ಬೋಲ್ಟ್ ಬಿಚ್ಚಿ ಬಟ್ ಒಂದನ್ನೇ ಬದಲಿಸಬಹುದಿತ್ತು. ಆದರೆ ಇದರ ಹಲವು ಮಾದರಿಗಳಲ್ಲಿ ಬೋಲ್ಟ್ ತಿರುಗಿಸುವ ಮುನ್ನ ಮುಂಭಾಗದ ಮರವನ್ನು ಕಳಚಬೇಕು. ಲಕ್ಷಾಂತರ ಸಿಪಾಯಿಗಳಿಗೆ ಒಂದೇ ಅಚ್ಚಿನ ಆಯುಧ ಹಂಚುತ್ತಿದ್ದ ಸೇನೆಯೂ ಶತಮಾನದ ಹಿಂದೆಯೇ ಅರ್ಧ ಇಂಚಿಗೆ ಬೆಲೆ ಕೊಟ್ಟಿತ್ತು. ಇವತ್ತು ಹತ್ತು-ಹನ್ನೆರಡರ ಮಗುವಿನ ಕೈಗೆ ದೊಡ್ಡವರ ರೈಫಲ್ ಕೊಟ್ಟು ಗುರಿ ಹಿಡಿ ಎನ್ನುವವರು ಇದನ್ನು ಗಮನಿಸಬೇಕು.

ಈ ಬಂದೂಕಿನ ಇನ್ನೊಂದು ಮುಖವನ್ನು ಹುಬ್ಬಳ್ಳಿ ಮರೆತಿಲ್ಲ. 1942ರ ಚಲೇಜಾವ್ ಚಳವಳಿಯಲ್ಲಿ ಇದೇ ಊರಿನ ಬೀದಿಯಲ್ಲಿ ಪೊಲೀಸರ ಗುಂಡಿಗೆ ಬಾಲಕ ನಾರಾಯಣ ಡೋಣಿ ಬಲಿಯಾದ. ಆಯುಧದ ರಚನೆಯ ಬಗ್ಗೆ ಬರೆಯುವಾಗ ಅದು ಯಾರ ಎದೆಗೆ ತಿರುಗಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ.

ಮರ, ಮಳೆ, ಅಗಸಿ ಎಣ್ಣೆ

ಲೀ ಎನ್‌ಫೀಲ್ಡ್‌ನದು ಎರಡು ತುಂಡಿನ ಸ್ಟಾಕ್. ಜರ್ಮನಿಯ ಮೌಸರ್‌ನದು ತುದಿಯಿಂದ ತುದಿಗೆ ಒಂದೇ ಮರ. ಜಿಮ್ ಕಾರ್ಬೆಟ್ ಕೈಯಲ್ಲಿದ್ದ ರಿಗ್ಬಿ ರೈಫಲ್ ಕೂಡ ಮೌಸರ್ ಜಾತಿಯದೇ. ಒಂದೇ ಮರದ್ದು ಗಟ್ಟಿ, ನೋಡಲು ಚೆಂದ, ನಳಿಗೆಗೂ ಬಟ್‌ಗೂ ನಡುವೆ ಅಲುಗುವ ಸಂದಿಲ್ಲ. ಆದರೆ ಅಷ್ಟು ಉದ್ದದ, ಗಂಟಿಲ್ಲದ, ಕುತ್ತಿಗೆಯ ಕಡೆ ಎಳೆ ನೇರವಾಗಿ ಹರಿದಿರುವ ಹಲಗೆ ಸಿಗುವುದು ಕಷ್ಟ. ಎಳೆ ಅಡ್ಡಡ್ಡ ಹೋಗಿದ್ದರೆ ಕುತ್ತಿಗೆಯಲ್ಲಿಯೇ ಮುರಿಯುತ್ತದೆ. ಹಳೆಯ ಬಂದೂಕು ಕೊಳ್ಳುವವರು ಮೊದಲು ಬೆರಳಾಡಿಸಿ ನೋಡಬೇಕಾದ ಜಾಗ ಅದು: ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ, ಯಾರಾದರೂ ಅಂಟು ಹಾಕಿ ಪಾಲಿಷ್ ಬಳಿದಿದ್ದಾರೆಯೇ?

ಮರಗಳಲ್ಲಿ ಅಕ್ರೋಟಿಗೆ ಮೊದಲ ಮಣೆ. ತೂಕ ಹದ, ಒದೆತ ತಾಳುತ್ತದೆ, ಒಮ್ಮೆ ಚೆನ್ನಾಗಿ ಒಣಗಿದರೆ ಸುಲಭವಾಗಿ ತಿರುಚಿಕೊಳ್ಳುವುದಿಲ್ಲ. ಕಾಶ್ಮೀರದಲ್ಲಿ ಬೆಳೆಯುತ್ತದೆ, ನಮ್ಮ ಕಡೆ ಬೆಳೆಯುವುದಿಲ್ಲ. ದಾಂಡೇಲಿ, ಹಳಿಯಾಳದ ಕಾಡಿನ ತೇಗ ನೀರಿಗೆ ಜಗ್ಗದು, ಆದರೆ ಎಳೆಯುದ್ದಕ್ಕೂ ಸೀಳುವ ಗುಣ ಅದಕ್ಕಿದೆ. ಬೀಟೆ ಬಲು ಗಟ್ಟಿ, ಅಷ್ಟೇ ಭಾರ. ಇಶಾಪುರದಲ್ಲಿ ಮುಂಭಾಗದ ಮರ ಒದೆತಕ್ಕೆ ಸೀಳದಿರಲೆಂದು ಅಡ್ಡಡ್ಡಲಾಗಿ ಒಂದು ತಿರುಪು ಹಾಕುವ ಪದ್ಧತಿ ಬಂತು. ಹಳೆಯ ರೈಫಲ್‌ಗಳನ್ನು ಬಲ್ಲವರು ಆ ತಿರುಪು ಕಂಡೊಡನೆ ಇಶಾಪುರದ್ದೆಂದು ಗುರುತಿಸುತ್ತಾರೆ.

ಮರದ ದೊಡ್ಡ ಶತ್ರು ತೇವ. ದೇಶಪಾಂಡೆ ನಗರದ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಸವಾಯಿ ಗಂಧರ್ವ ಕಲಾಮಂದಿರ ಇರುವ, ಗಂಗೂಬಾಯಿ ಹಾನಗಲ್ ಬಾಳಿದ ಬಡಾವಣೆ ಅದು. ಜಿಟಿಜಿಟಿ ಮಳೆ ಹಿಡಿದ ಶ್ರಾವಣದಲ್ಲಿ ತಂಬೂರಿಯ ಶ್ರುತಿ ನಿಲ್ಲದೆ ಮತ್ತೆ ಮತ್ತೆ ಬಿರಡೆ ತಿರುವುವ ಪಾಡನ್ನು ಅಲ್ಲಿನ ಹಾಡುಗಾರರು ಬಲ್ಲರು. ರೈಫಲ್‌ನ ಮರದ ಪಾಡೂ ಅದೇ. ತೇವ ಕುಡಿದ ಮರ ಉಬ್ಬಿ ನಳಿಗೆಯನ್ನು ಒಂದು ಮಗ್ಗುಲಿಂದ ಒತ್ತುತ್ತದೆ. ಬೇಸಿಗೆಯಲ್ಲಿ ಕುಗ್ಗಿ ದೂರ ಸರಿಯುತ್ತದೆ. ಏಪ್ರಿಲ್‌ನಲ್ಲಿ ಕರಾರುವಾಕ್ಕಾಗಿ ಹೊಡೆಯುತ್ತಿದ್ದ ರೈಫಲ್ ಜುಲೈನಲ್ಲಿ ಗುರಿ ತಪ್ಪಿಸುತ್ತದೆ. ಕೈ ಕೆಟ್ಟಿತು ಎಂದು ಹೊಡೆಯುವವನು ಕೊರಗುತ್ತಾನೆ. ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯ, ನಳಿಗೆ ಮರವನ್ನು ಮುಟ್ಟದಂತೆ ಸುತ್ತ ತೆಳು ಸಂದು ಬಿಡುವುದು ಮತ್ತು ಯಂತ್ರ ಕೂರುವ ಜಾಗಕ್ಕೆ ಗಟ್ಟಿ ರಾಳ ಅಥವಾ ಲೋಹದ ಆಸರೆ ಕೊಡುವುದು. ನಳಿಗೆಯ ಕೆಳಗೆ ಒಂದು ಕಾಗದದ ಹಾಳೆ ಸಲೀಸಾಗಿ ಓಡಿದರೆ ಸಂದು ಸರಿಯಿದೆ ಎಂದು ಅರ್ಥ.

ಮರಕ್ಕೆ ಬ್ರಿಟಿಷ್ ಸೇನೆ ಹಚ್ಚಿಸುತ್ತಿದ್ದುದು ಅಗಸಿ ಎಣ್ಣೆ. ಉತ್ತರ ಕರ್ನಾಟಕದ ಅಡುಗೆಮನೆಯಲ್ಲಿ ಚಟ್ನಿಪುಡಿಯಾಗಿ ರೊಟ್ಟಿಯ ಪಕ್ಕ ಕೂರುವ ಅದೇ ಅಗಸಿ. ಈ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ, ಮರದ ಎಳೆಯೊಳಗೆ ಇಳಿದು ತೇವ ತಡೆಯುತ್ತದೆ. ಬಟ್ಟೆಯಲ್ಲಿ ಅದ್ದಿ, ತೆಳ್ಳಗೆ ಸವರಿ, ಅಂಗೈ ಬಿಸಿಯಾಗುವಂತೆ ತಿಕ್ಕಿ, ದಿನಗಟ್ಟಲೆ ಒಣಗಲು ಬಿಟ್ಟು ಮತ್ತೆ ಸವರುವುದು ಕ್ರಮ. ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು: ಈ ಎಣ್ಣೆಯಲ್ಲಿ ನೆನೆದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳಬಹುದು. ಚಿಂದಿಯನ್ನು ಹರವಿ ಒಣಗಿಸಬೇಕು, ಇಲ್ಲವೇ ನೀರಲ್ಲಿ ಮುಳುಗಿಸಿಡಬೇಕು.

ಒಳ್ಳೆಯ ಅಕ್ರೋಟು ಸಾಲದಾದಾಗ ಜರ್ಮನ್ನರು ಎರಡನೇ ಮಹಾಯುದ್ಧದ ಹೊತ್ತಿಗೆ ತೆಳು ಹಾಳೆಗಳನ್ನು ಅಂಟಿಸಿ ಪದರ ಮರದ ಸ್ಟಾಕ್ ಮಾಡತೊಡಗಿದರು. ಅಂದ ಕಡಿಮೆ, ತೂಕ ಹೆಚ್ಚು, ಆದರೆ ತೇವಕ್ಕೆ ಅಲುಗುವುದು ಕಡಿಮೆ. ಇವತ್ತಿಗೂ ಮರವೇ ಬೇಕೆನ್ನುವವರಿಗೆ ಪದರ ಮರ ಜಾಣ ಆಯ್ಕೆ. ಅಮೆರಿಕದ ರೆಮಿಂಗ್ಟನ್ ಕಂಪನಿ 1959ರಲ್ಲಿ ನೈಲಾನ್ ಮೈಯ ಸಣ್ಣ ರೈಫಲ್ ತಂದಾಗ ಹಲವರು ಮೂಗು ಮುರಿದರು. ಆಮೇಲೆ ಸೇನೆಗಳು ಒಂದೊಂದಾಗಿ ಫೈಬರ್‌ಗೆ ಹೊರಳಿದವು. ನಮ್ಮ ಇನ್ಸಾಸ್ ರೈಫಲ್‌ನ ಬಟ್ ಕೂಡ ಫೈಬರ್. ಮಳೆ, ಬಿಸಿಲು, ಗೆದ್ದಲು ಯಾವುದಕ್ಕೂ ಅದು ಅಂಜುವುದಿಲ್ಲ. ಅಗ್ಗದ ಫೈಬರ್‌ನ ದೋಷ ಬೇರೆ. ಮುಂಭಾಗವನ್ನು ಬೆರಳಿನಿಂದ ಒತ್ತಿದರೆ ಬಾಗಿ ನಳಿಗೆಗೆ ತಾಗುತ್ತದೆ, ಒಳಗೆ ಪೊಳ್ಳಾಗಿ ಸದ್ದು ಮಾಡುತ್ತದೆ. ಅಂಥದ್ದಕ್ಕಿಂತ ಹಳೆಯ ಮರವೇ ಲೇಸು. ಇನ್ನು ಅಲ್ಯೂಮಿನಿಯಂ ಚೌಕಟ್ಟು. ಗುರಿಕಾರಿಕೆಯ ಮೇಲಿನ ಹಂತದಲ್ಲಿ ಇಂದು ಅದು ಎಲ್ಲೆಲ್ಲೂ ಕಾಣುತ್ತದೆ. ಮೈಯೆಲ್ಲ ತಿರುಪು, ಅಳತೆಗೆರೆ, ಜಾರುಪಟ್ಟಿ. ತೇವದ ಭಯವಿಲ್ಲ, ಯಂತ್ರ ಕೂರುವ ಜಾಗ ಒಂದೆಳೆ ಅಲುಗುವುದಿಲ್ಲ.

ಒದೆತವನ್ನು ಹೆಗಲಿಗೆ ತಲುಪಿಸುವುದೂ ಸ್ಟಾಕೇ. ನಳಿಗೆಯ ಗೆರೆಗಿಂತ ಬಟ್ ತುಂಬ ಕೆಳಗೆ ಬಾಗಿದ್ದರೆ, ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಬರುವುದರ ಜೊತೆಗೆ ಮೂತಿ ಮೇಲಕ್ಕೆ ಜಿಗಿಯುತ್ತದೆ, ಬಟ್‌ನ ಮೇಲಂಚು ಕೆನ್ನೆಗೆ ಬಡಿಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದ ಕನ್ನಡಿಗರಿಗೆ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಪರಿಚಿತ. ಆತನ ಹೆಸರಿನೊಂದಿಗೆ ಅಂಟಿಕೊಂಡ ಆಯುಧ .405 ವಿಂಚೆಸ್ಟರ್, 1895ರ ಮಾದರಿ. ಭಾರಿ ತೋಟಾ, ಕೆಳಬಾಗಿದ ಬಟ್, ಹಿಂದೆ ಗಟ್ಟಿ ತಗಡು. ಬಳಸಿದವರೆಲ್ಲ ಅದರ ಒದೆತವನ್ನು ನೆನೆಯುತ್ತಾರೆ. ಅಷ್ಟೇ ಬಲದ ತೋಟಾವನ್ನು ಇಂದಿನ ನೇರ ಸ್ಟಾಕ್‌ನ, ರಬ್ಬರ್ ಮೆತ್ತೆಯ ರೈಫಲ್‌ನಲ್ಲಿ ಹಾರಿಸಿದರೆ ಹೆಗಲಿಗೆ ಅನುಭವವೇ ಬೇರೆ. ಒದೆತದ ಶಕ್ತಿಯನ್ನು ಸ್ಟಾಕ್ ಕಡಿಮೆ ಮಾಡಲಾರದು. ಅದು ದೇಹವನ್ನು ಎಲ್ಲಿ, ಎಷ್ಟಗಲದಲ್ಲಿ ಮುಟ್ಟಬೇಕೆಂದು ನಿರ್ಧರಿಸಬಲ್ಲದು.

ಕೊಡಗಿನಲ್ಲಿ ಬಂದೂಕಿನ ಮರ ಇಂದಿಗೂ ಮನೆತನದ ಆಸ್ತಿ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ತೊಳೆದು ಒರೆಸಿ, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಸಿಕ್ಕ ವಿನಾಯಿತಿಗೆ 1861ರ ಮಾರ್ಕ್ ಕಬ್ಬನ್ ಆದೇಶದ ಕಾಲದಿಂದ ಇತಿಹಾಸವಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೇಪಿನ ಕೋವಿ, ಒಂಟಿ ನಳಿಗೆ, ಜೋಡು ನಳಿಗೆ, ಹೊಸ ಕಾಲದ ರೈಫಲ್, ಇಷ್ಟೂ ಬಗೆಯ ಸ್ಟಾಕ್‌ಗಳು ಬಳಕೆಯಲ್ಲಿರುವ ಇಂಥ ಜಿಲ್ಲೆ ಇನ್ನೊಂದು ಸಿಗಲಿಕ್ಕಿಲ್ಲ. ಅವುಗಳ ಛಾಯಾಚಿತ್ರ, ಅಳತೆ, ಮರದ ಜಾತಿ, ಮನೆತನದ ಮಾತು ಇವನ್ನೆಲ್ಲ ಯಾರಾದರೂ ಕ್ರಮವಾಗಿ ದಾಖಲಿಸಿದರೆ ಅದು ನಾಡಿಗೆ ದೊಡ್ಡ ಉಪಕಾರ.

ಸೇನೆಯ ಹೊಸ ಸ್ಟಾಕ್‌ಗಳ ಮಾತು ಸ್ವಲ್ಪದರಲ್ಲಿ ಮುಗಿಸಬಹುದು. ವಾಹನ, ಹೆಲಿಕಾಪ್ಟರ್‌ನೊಳಗೆ ಕೂರುವ ಯೋಧನಿಗೆ ಉದ್ದನೆಯ ರೈಫಲ್ ತೊಡಕು. ಅದಕ್ಕೆ ಮಡಚುವ ಬಟ್. ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ತಯಾರಾಗುವ ಎ.ಕೆ. 203ರ ಬಟ್ ಮಗ್ಗುಲಿಗೆ ಮಡಚುತ್ತದೆ, ಉದ್ದವೂ ಹೊಂದುತ್ತದೆ. ನಮ್ಮ ವಿಶೇಷ ಪಡೆಗಳ ಕೈಯಲ್ಲಿರುವ ಇಸ್ರೇಲಿನ ಟಾವೋರ್‌ನಲ್ಲಿ ಯಂತ್ರವನ್ನೇ ಬಟ್‌ನೊಳಗೆ ಕೂರಿಸಿ ಉದ್ದ ಉಳಿಸಿದ್ದಾರೆ. ನಳಿಗೆ ಗಿಡ್ಡವಾಗದೆ ರೈಫಲ್ ಗಿಡ್ಡವಾಗುವುದು ಅದರ ಲಾಭ. ಗುಂಡು ಸಿಡಿಯುವ ಜಾಗ ಕೆನ್ನೆಯ ಪಕ್ಕಕ್ಕೇ ಬರುವುದರಿಂದ, ಎಡಗೈಯವರು ಹಾಗೆಯೇ ಎತ್ತಿಕೊಂಡರೆ ಖಾಲಿ ತೋಟಾ ಮುಖದ ಕಡೆಗೆ ಹಾರುವುದು ಈ ಜಾತಿಯ ತೊಡಕು. ಅವರಿಗೆ ಭಾಗಗಳನ್ನು ಬದಲಿಸಿ ಕೊಡಬೇಕಾಗುತ್ತದೆ. ರಷ್ಯಾದ ಡ್ರಾಗುನೋವ್‌ನದು ನಡುವೆ ಕೊರೆದು ಅಸ್ಥಿಪಂಜರದಂತೆ ಮಾಡಿದ ಬಟ್. ಹೆಬ್ಬೆರಳು ತೂತಿನೊಳಗಿಂದ ಹಾದು ಹಿಡಿ ಬಿಗಿಯಾಗುತ್ತದೆ, ತೂಕವೂ ಉಳಿಯುತ್ತದೆ.

ಹತ್ತು ಮೀಟರ್‌ನ ಲೆಕ್ಕ

ಹುಬ್ಬಳ್ಳಿಯ ಮಕ್ಕಳಿಗೆ ಸಂಬಂಧಿಸಿದ್ದು ಇವು ಯಾವುವೂ ಅಲ್ಲ. ಅವರದು 10 ಮೀಟರ್ ಏರ್ ರೈಫಲ್. 4.5 ಮಿಲಿಮೀಟರ್‌ನ ಸೀಸದ ಚರೆ, ಗುರಿಹಾಳೆಯ ನಟ್ಟನಡುವೆ ಅರ್ಧ ಮಿಲಿಮೀಟರ್‌ನ ಚುಕ್ಕಿ. ಅದಕ್ಕೆ ಬಿದ್ದರೆ ಹತ್ತು ಅಂಕ. ರೈಫಲ್‌ನ ತೂಕ 5.5 ಕಿಲೋ ಮೀರುವಂತಿಲ್ಲ. ನಿಂತೇ ಹೊಡೆಯಬೇಕು, 60 ಚರೆ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಚರೆಗೆ 10.8 ಅಂಕ ಪಡೆದು ದೇಶದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದದ್ದು ಈ ವಿಭಾಗದಲ್ಲಿ. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಚಾಂಗ್‌ವೊನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದು ದೇಶಕ್ಕೆ ಒಲಿಂಪಿಕ್ ಕೋಟಾ ಗಳಿಸಿದ್ದೂ ಇದರಲ್ಲೇ. ಗಾಲಿಕುರ್ಚಿಯ ಮೇಲೆ ಕುಳಿತ ಅವನಿ ಲೇಖರಾ 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ 249.6 ಅಂಕದೊಂದಿಗೆ ಚಿನ್ನ ಗೆದ್ದಾಗ ಕೋಟ್ಯಂತರ ಜನ ನೋಡಿದ್ದು ಇದೇ ಬಗೆಯ ರೈಫಲ್. ನಿಂತವರಿಗೂ ಕುರ್ಚಿಯಲ್ಲಿ ಕುಳಿತವರಿಗೂ ಒಂದೇ ಯಂತ್ರ ಒಗ್ಗುವುದು ಸ್ಟಾಕ್ ದೇಹಕ್ಕೆ ತಕ್ಕಂತೆ ಬದಲಾಗುವುದರಿಂದ.

ದೇಶಪಾಂಡೆ ನಗರದ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕಲಿಯಲು ಬಂದಳು ಎಂದಿಟ್ಟುಕೊಳ್ಳಿ. ದೊಡ್ಡವರಿಗೆಂದು ಮಾಡಿದ ರೈಫಲ್ ಅವಳ ಕೈಗೆ ಬರುತ್ತದೆ. ಬಟ್ ಉದ್ದ, ಕುದುರೆ ದೂರ. ಬೆರಳು ಮುಟ್ಟಿಸಲು ಅವಳು ಬಲ ಹೆಗಲನ್ನು ಹಿಂದೆ ಎಳೆಯುತ್ತಾಳೆ, ಸೊಂಟ ಮುಂದೆ ಹೋಗುತ್ತದೆ, ಮುಂದಿನ ಭಾರ ಎಡ ತೋಳಿಗೆ ಬೀಳುತ್ತದೆ. ನಿಂತು ಹೊಡೆಯುವಾಗ ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂರಬೇಕು, ಭಾರವನ್ನು ಮೂಳೆ ಹೊರಬೇಕು. ಅವಳಲ್ಲಿ ಭಾರವನ್ನು ಸ್ನಾಯು ಹೊರುತ್ತದೆ. ಸ್ನಾಯು ಬೇಗ ನಡುಗುತ್ತದೆ. ಕೆನ್ನೆ ಪಟ್ಟಿಗೆ ತಲುಪದೆ ಕತ್ತು ಚಾಚುತ್ತಾಳೆ. ಕೆಲವು ತಿಂಗಳಲ್ಲಿ ಬೆನ್ನುನೋವು, ಅಂಕ ಏರುವುದಿಲ್ಲ, ಆಸಕ್ತಿ ಇಳಿಯುತ್ತದೆ. ಮನೆಯವರು ಇವಳಿಗೆ ಇದು ಒಲಿಯಲಿಲ್ಲ ಎಂದುಕೊಳ್ಳುತ್ತಾರೆ. ಅವಳಿಗೆ ಬೇಕಾಗಿದ್ದುದು ಒಂದು ಗಿಡ್ಡ ಬಟ್, ಇಷ್ಟೇ.

ಸ್ಟಾಕ್ ಹೊಂದುತ್ತದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ಖಾಲಿಯಿದೆಯೆಂದು ತರಬೇತುದಾರರು ಪರೀಕ್ಷಿಸಿ ಕೊಟ್ಟ ರೈಫಲನ್ನು, ರೇಂಜ್‌ನಲ್ಲಿ ಗುರಿಯ ಕಡೆಗೆ ಮುಖ ಮಾಡಿ ಹೆಗಲಿಗೆ ಏರಿಸಬೇಕು. ಕಣ್ಣು ಮುಚ್ಚಿ, ತಲೆಯನ್ನು ಹಾಯಾಗಿ ಪಟ್ಟಿಯ ಮೇಲೆ ಇಳಿಸಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಬೇಕು. ಹಿಂದಿನ ಗುರಿತೂತಿನ ನಡುವೆ ಮುಂದಿನ ಉಂಗುರ ತಾನಾಗಿ ಕಂಡರೆ ಕೆನ್ನೆಯ ಎತ್ತರ ಸರಿ. ಮೇಲೆ ಕೆಳಗೆ ಕಂಡರೆ ಸರಿಯಬೇಕಾದ್ದು ಪಟ್ಟಿ, ಕತ್ತಲ್ಲ. ಕುದುರೆಯ ಮೇಲೆ ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಚಾಚದೆ ಕೂರಬೇಕು. ಉದ್ದಕ್ಕೆ ಒಂದು ಒರಟು ಅಂದಾಜು: ಮೊಣಕೈ ಮಡಚಿ ಅದರ ಒಳಮಡಿಕೆಗೆ ಬಟ್ ಇಟ್ಟರೆ ತೋರುಬೆರಳು ಕುದುರೆಗೆ ಆರಾಮಾಗಿ ಎಟುಕಬೇಕು. ಮಕ್ಕಳು ಬೆಳೆಯುತ್ತಾರೆ, ಆದ್ದರಿಂದ ಕೆಲವು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಪ್ರತಿ ತಿರುಪಿನ ಅಳತೆಯನ್ನು ಒಂದು ನೋಟ್‌ಬುಕ್‌ನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಡುವುದು ಒಳ್ಳೆಯ ಗುರಿಕಾರರ ರೂಢಿ.

ಮರವೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆಗೆ ಆಮೇಲೆ ಬರಬಹುದು. ಕಲಿಯುವ ಮೊದಲ ಎರಡು-ಮೂರು ವರ್ಷ ಮರದ ಅಥವಾ ಪದರ ಮರದ, ಆದರೆ ಬಟ್ ಉದ್ದ ಮತ್ತು ಕೆನ್ನೆಪಟ್ಟಿ ಎರಡೂ ಹೊಂದಿಸಬಲ್ಲ ಸ್ಟಾಕ್ ಧಾರಾಳ ಸಾಕು. ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ತಿರುಗಿಸಲು ಎಷ್ಟೊಂದು ತಿರುಪುಗಳಿವೆಯೋ ತಪ್ಪಾಗಿ ತಿರುಗಿಸಲೂ ಅಷ್ಟೇ ದಾರಿಗಳಿವೆ. ದೇಹದ ಭಂಗಿ ನೆಲೆಗೊಳ್ಳುವ ಮೊದಲೇ ಅದನ್ನು ಕೊಟ್ಟರೆ ಮಗು ದಿನಕ್ಕೊಂದು ಅಳತೆ ಬದಲಿಸುತ್ತ ಕೂರುತ್ತದೆ. ಇನ್ನು ಪರವಾನಗಿಯ ಬಂದೂಕು ಮನೆಯಲ್ಲಿರುವ ರೈತರಿಗೂ ಒಂದು ಮಾತು. ಬೆಳೆ ರಕ್ಷಣೆಗೆಂದು ಪಡೆದ ಬಂದೂಕನ್ನು ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮತ್ತೆ ತಂದು ಮೂಲೆಗೆ ಇಡುವುದು ರೂಢಿ. ತಂದ ದಿನವೇ ಮರದ ಕುತ್ತಿಗೆ, ಬೋಲ್ಟ್‌ಗಳ ಬಿಗಿ ನೋಡಬೇಕು. ಬಿರುಕು ಕಂಡರೆ ಮನೆಯಲ್ಲಿ ಅಂಟು ಹಚ್ಚದೆ, ರಿಪೇರಿಯ ಪರವಾನಗಿ ಇರುವ ಅಂಗಡಿಗೆ ಒಯ್ಯಬೇಕು. ಖಂಡೇನವಮಿಗೆ ಕುಂಕುಮ ಹಚ್ಚುವ ಹಿಂದಿನ ದಿನ ಇದನ್ನು ಮಾಡಿದರೂ ಸಾಕು.

ತಂದೆ-ತಾಯಂದಿರಲ್ಲಿ ಒಂದು ವಿನಂತಿ. ಏರ್ ರೈಫಲ್‌ಗೆ ಹಣ ಕಟ್ಟುವ ಮುನ್ನ ಮಗುವನ್ನು ಕರೆದುಕೊಂಡು ತರಬೇತಿ ಕೇಂದ್ರಕ್ಕೆ ಹೋಗಿ, ಅಲ್ಲಿರುವ ಎರಡು-ಮೂರು ಬಗೆಯ ಸ್ಟಾಕ್‌ಗಳನ್ನು ಹೆಗಲಿಗೆ ಏರಿಸಿ ನೋಡಲು ಕೇಳಿ. ಬಟ್ ಎಷ್ಟು ಗಿಡ್ಡ ಮಾಡಬಹುದು, ಕೆನ್ನೆಪಟ್ಟಿ ಎಷ್ಟು ಏರುತ್ತದೆ ಎಂಬ ಎರಡು ಪ್ರಶ್ನೆಗೆ ಮಾರುವವರಿಂದ ಮಿಲಿಮೀಟರ್ ಲೆಕ್ಕದಲ್ಲಿ ಉತ್ತರ ಪಡೆಯಿರಿ. ಉತ್ತರ ಸಿಗದಿದ್ದರೆ ಆ ರೈಫಲ್ ಕೊಳ್ಳಬೇಡಿ.